ದೊಡ್ಡವ್ವ ಫೋನು ಬದಲಾಯಿಸಿದ್ದು

ಹುಲ್ಲಹಳ್ಳಿಯ ನಮ್ಮ ದೊಡ್ಡವ್ವನ ಫೋನಿಗೆ ಅಡ್ಡಡ್ಡ ಎರಡು ರಬ್ಬರ್ ಬ್ಯಾಂಡು. ಬಿಚ್ಚಿದರೆ ಹಿಂದಿನ ಮುಚ್ಚಳ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ. ಗಾಜು ಸೀಳುಬಿಟ್ಟಿತ್ತು. ಕ್ಯಾಮೆರಾದೊಳಗೆ ಎಂದೋ ಕಲಗಚ್ಚು ಹೋಗಿ, ಫೋಟೋ ತೆಗೆದರೆ ಮನುಷ್ಯರೆಲ್ಲ ಹೊಗೆಯೊಳಗೆ ನಿಂತಂತೆ ಬರುತ್ತಿದ್ದರು. ಅದನ್ನೇ ರವಿಕೆಯೊಳಗೆ ಸಿಕ್ಕಿಸಿಕೊಂಡು ಅವಳು ಹಾಲು ಕರೆಯುವುದು, ಡೈರಿಗೆ ಹೋಗುವುದು, ಬೀದಿಯವರ ಜೊತೆ ಜಗಳ ಕಾಯುವುದು.

ಮಗ ಮಾದೇಶಣ್ಣ ಹೊಸದು ಕೊಡಿಸುತ್ತೇನೆ ಎಂದಾಗಲೆಲ್ಲ ಬೈಸಿಕೊಳ್ಳುತ್ತಿದ್ದ. “ಫೋನಿರಾದು ಮಾತಾಡಕ್ಕೆ ತಾನೇ ಕಣ್ಲಾ? ಒಸ ಫೋನಲ್ಲಿ ಆಡುದ್ರೆ ಮಾತೇನು ತುಪ್ಪದಲ್ಲಿ ಅದ್ದಿ ಬತ್ತದಾ? ಗೌರಿಗೂ ವಯಸ್ಸಾಯ್ತು, ಅವಳ್ನೂ ಬದಲಾಯಿಸ್ಬುಡ್ಲಾ?” ಗೌರಿ ಅಂದರೆ ಕೊಟ್ಟಿಗೆಯ ಹಸು. ಮಾದೇಶಣ್ಣ ಎದ್ದು ಹೊರಗೆ ಹೋಗುತ್ತಿದ್ದ.

ಅವಳಿಗೆ ಮಾತೆಂದರೆ ತಂಗಿ ಸಾಕಿ, ಅಂದರೆ ನನ್ನ ಅವ್ವನ ಜೊತೆಗಿನ ಮಾತು. ಒಡಹುಟ್ಟಿದವರು ಇಬ್ಬರೇ, ಅವಳು ಹುಲ್ಲಹಳ್ಳಿಯಲ್ಲಿ, ನಾವು ಟಿ. ನರಸೀಪುರದಲ್ಲಿ. ಹಸು ಬಿಟ್ಟು ಬರುವಂತಿಲ್ಲ, ಹಾಗಾಗಿ ದಿನಾ ಸಂಜೆ ಫೋನು. ಅಡ್ಡಗೋಡೆಯ ಮೇಲೆ ಕೂತು ಹರಟುವ ನೆರೆಮನೆಯವರ ಹಾಗೆ ಮಾತಾಡುತ್ತಿದ್ದರು.

ಅವ್ವನಿಗೆ ಗಂಟಲಲ್ಲಿ ಗಡ್ಡೆಯಾಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಪ್ರಾಣ ಉಳಿಸಿದರು, ಆದರೆ ದನಿ ಹೋಯಿತು. ಮನೆಗೆ ಬಂದ ಸಂಜೆಯೇ ದೊಡ್ಡವ್ವನ ಫೋನು ಬಂತು. ಅವ್ವ ಅಭ್ಯಾಸದಂತೆ ಕಿವಿಗಿಟ್ಟುಕೊಂಡಳು. “ಊಂ ಅನ್ನೇ ಸಾಕಿ... ಒಂದ್ಸಲ ಊಂ ಅನ್ನವ್ವ ತಾಯಿ...” ಎಂದು ಆ ಕಡೆಯಿಂದ ಗೋಗರೆಯುವುದು ನನಗೂ ಕೇಳುತ್ತಿತ್ತು. ಅವ್ವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಎದ್ದು ಒಳಗೆ ಹೋದೆ.

ಮಾರನೆಯ ದಿನವೇ ದೊಡ್ಡವ್ವ ಬಸ್ಸು ಹತ್ತಿ ನಂಜನಗೂಡಿಗೆ ಬಂದಳು, ನನ್ನನ್ನೂ ಫೋನಿನ ಅಂಗಡಿಗೆ ಕರೆಸಿಕೊಂಡಳು. ಅಂಗಡಿಯವನು ಬ್ಯಾಟರಿ, ಮೆಮೊರಿ ಅಂತ ಪಾಠ ಒಪ್ಪಿಸುತ್ತಿದ್ದ. “ಅವೆಲ್ಲ ಇರ್ಲಿ ಸಾ. ಆ ಕಡೇವ್ರು ಉಬ್ಬು ಆರ್ಸುದ್ರೆ ಕಾಣ್ತದಾ ಇದ್ರಲ್ಲಿ?” ಅವನು ಕಕ್ಕಾಬಿಕ್ಕಿ. ಕೊನೆಗೆ ನಾನು ಬೀದಿಯಾಚೆ ನಿಂತು, ಅವನು ತೋರಿಸಿದ ಒಂದೊಂದು ಫೋನಿಗೂ ವಿಡಿಯೋ ಕಾಲಿನಲ್ಲಿ ಹುಬ್ಬು ಹಾರಿಸಬೇಕಾಯಿತು. ಓಡಾಡುವವರೆಲ್ಲ ನನಗೆ ಏನೋ ಆಗಿದೆ ಅಂದುಕೊಂಡರು. “ಇದಾಯ್ತದೆ” ಎಂದು ಒಂದನ್ನು ಆರಿಸಿದಳು.

ಆಮೇಲೆ ಸಂಜೆಗಳು ಮರಳಿದವು. ಬೂಸಾ ಮೂಟೆಗೆ ಫೋನು ಒರಗಿಸಿ, ಹಾಲು ಕರೆಯುತ್ತ ದೊಡ್ಡವ್ವ ಶುರುಹಚ್ಚಿಕೊಳ್ಳುವಳು. “ನಿನ್ ಪಾಲಿನ ಮಾತೂ ನಾನೇ ಆಡ್ಬುಡ್ತೀನಿ. ತಪ್ಪಿದ್ರೆ ತಲೆ ಆಡ್ಸು.” ತಾನೇ ಕೇಳಿ, ತಾನೇ ಅವ್ವನ ದನಿಯಲ್ಲಿ ಉತ್ತರ ಹೇಳಿ, ಆ ಉತ್ತರಕ್ಕೆ ತಾನೇ ಸಿಟ್ಟಾಗುವಳು. ಅವ್ವ ಹುಬ್ಬು ಗಂಟಿಕ್ಕಿದರೆ, “ನೋಡ್ದಾ ಗೌರಿ, ಎಂಗ್ ಬಯ್ತಾಳೆ ನನ್ನ!” ಅವ್ವ ನಗುತ್ತಿದ್ದಳು. ದನಿ ಹೋದದ್ದು ಆ ಹೊತ್ತು ಅವ್ವನಿಗೂ ನನಗೂ ಮರೆತಿರುತ್ತಿತ್ತು.

ಒಂದು ಬೆಳಿಗ್ಗೆ ದೊಡ್ಡವ್ವ ಕೊಟ್ಟಿಗೆಯಲ್ಲೇ ಕುಸಿದಳು. ಎದೆಬಡಿತ ನಿಂತಿತ್ತು. ಅವ್ವನಿಗೆ ಅಳಲಿಕ್ಕೂ ದನಿಯಿರಲಿಲ್ಲ. ಅವಳ ಮಾತು ಆ ದಿನ ಎರಡನೇ ಸಲ ಹೋಯಿತು.

ತಿಥಿಯ ದಿನ ಫೋಟೋ ಮುಂದೆ ಅವಳಿಗಿಷ್ಟವಾದದ್ದನ್ನೆಲ್ಲ ಎಡೆಯಿಟ್ಟರು: ಸೀರೆ, ಒಬ್ಬಟ್ಟು, ಎಲೆ ಅಡಿಕೆ, ಕಡ್ಡಿಪುಡಿ. ಮಾದೇಶಣ್ಣ ರಬ್ಬರ್ ಬ್ಯಾಂಡಿನ ಫೋನನ್ನೂ ತಂದಿಟ್ಟು, “ಇದ್ನ ಬುಟ್ಟು ನಮ್ಮವ್ವ ಇದ್ದೋಳೇ ಅಲ್ಲ” ಎಂದು ಬಿಕ್ಕಿದ. ಅವ್ವ ಅದನ್ನೆತ್ತಿ ಅವನ ಕೈಗೆ ವಾಪಸು ಕೊಟ್ಟಳು. ತನ್ನ ಹುಬ್ಬು ಮುಟ್ಟಿ ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ.

“ಒಸದು ಇಡು ಅಂತಾವ್ಳೆ ಕಣಣ್ಣಾ” ಅಂದೆ. ಹೊಸದನ್ನು ತಂದಿಟ್ಟ.

ನಮ್ಮ ಕಡೆ ಎಡೆಯಿಟ್ಟ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ಬರುತ್ತೇವೆ, ಹೋದವರು ಬಂದು ಉಣ್ಣಲಿ ಅಂತ. ಅಷ್ಟು ಹೊತ್ತು ಯಾರೂ ಬಾಗಿಲು ತೆಗೆಯುವಂತಿಲ್ಲ. ಜಗುಲಿಯಲ್ಲಿ ಎಲ್ಲರೂ ನಿಂತಿದ್ದಾಗ ಒಳಗೆ ಫೋನು ರಿಂಗಾಯಿತು.

“ಯಾರೋ ಫೋನ್ ಮಾಡವ್ರೆ, ತಗಳ್ರಪ್ಪ” ಎಂದರು ಅಜ್ಜ ಒಬ್ಬರು. ಯಾರೂ ಅಲುಗಲಿಲ್ಲ. ನಾನು ತಿರುಗಿ ನೋಡಿದೆ. ಅವ್ವ ಗೋಡೆಗೊರಗಿ, ತನ್ನ ಫೋನನ್ನು ಮುಖದೆದುರು ಹಿಡಿದು ನಿಂತಿದ್ದಳು. ಪರದೆಯ ತುಂಬ ಅವಳೊಬ್ಬಳ ಮುಖವೇ. ಹುಬ್ಬೇರಿಸಿ ಕಾಯುತ್ತಿದ್ದಳು.

ರಿಂಗು ನಿಂತಿತು. ಅವ್ವ ಸೆರಗಿನಿಂದ ಪರದೆ ಒರೆಸಿ, ಮತ್ತೆ ಒತ್ತಿದಳು.