ಚೀಲದಲ್ಲಿ ತಂದ ಹಾವು

ಕೊಲ್ಲಮೊಗ್ರಿನ ಜೀಪಿನ ರಿಯಾಝ್‌ಗೆ ಮೂಗಿನ ತುದಿಯಲ್ಲೇ ಕೋಪ. ಚೌಕಾಸಿ ಮಾಡಿದವರನ್ನು ನಡುದಾರಿಯಲ್ಲಿ ಇಳಿಸಿದ್ದುಂಟು, ಜೀಪಿನ ಬಾಗಿಲು ಜೋರಾಗಿ ಹಾಕಿದ ತಪ್ಪಿಗೆ ಒಬ್ಬನ ಕಾಲರ್ ಹಿಡಿದದ್ದೂ ಉಂಟು. ಆದರೂ ಯಾರಿಗೆ ಸೌಖ್ಯ ಇಲ್ಲದಿದ್ದರೂ ಊರವರು ಓಡುವುದು ಅವನ ಮನೆಗೇ. ಬೈಯುತ್ತಾನೆ, ಆದರೆ ಬರುತ್ತಾನೆ.

ಆ ದಿನ ಅವನ ಜೀಪನ್ನು ಬಾಡಿಗೆಗೆ ಹಿಡಿದವಳು ಪುತ್ತೂರಿನ ಪ್ರೀತಿಕಾ. ಹಾವು ಕಚ್ಚಿದವರು ಆಸ್ಪತ್ರೆಗೆ ತಡವಾಗಿ ಬರುವುದೇಕೆ, ಬಂದವರು ಏನಾದರು ಎಂದು ಮನೆಮನೆಗೆ ಹೋಗಿ ಕೇಳುವ ಸಂಶೋಧನೆ ಅವಳದು. ನಮ್ಮ ಕಡೆ ನಾಗರಹಾವಾದರೆ ಕೈಮುಗಿದು ದಾರಿ ಬಿಡುತ್ತಾರೆ. ಬೇರೆ ಹಾವಾದರೆ ಹೊಡೆದು ಕೊಂದು ರೋಗಿಯ ಜೊತೆ ಆಸ್ಪತ್ರೆಗೆ ಒಯ್ಯುತ್ತಾರೆ. ಹಾವು ಕಾಣದೆ ಡಾಕ್ಟರರು ಮದ್ದು ಕೊಡುವುದು ಹೇಗೆ ಎಂಬ ನಂಬಿಕೆ. ಪ್ರೀತಿಕಾ ಮಾತಿನ ನಡುವೆ ಹೇಳಿದಳು, ಇಲ್ಲಿ ಜೀವ ತೆಗೆಯುವ ಹಾವುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಇಂಜೆಕ್ಷನ್, ಹಾವು ತರಬೇಕಾಗಿಯೇ ಇಲ್ಲ ಎಂದು.

ರಿಯಾಝ್ ಗಕ್ಕನೆ ಬ್ರೇಕ್ ಒತ್ತಿದ. ಹಿಂದೆ ಅವನ ತಾಯಿ, ಬ್ಯಾರಿ ಮುಸ್ಲಿಮರ ಮಾತಿನಲ್ಲಿ ಉಮ್ಮ, ನಫೀಸಮ್ಮನಿಗೆ ಹಾವು ಕಚ್ಚಿದಾಗ ಅವನು ಕಟ್ಟಿಗೆ ರಾಶಿಯನ್ನೆಲ್ಲ ಎಳೆದುಹಾಕಿ, ಹಾವನ್ನು ಹುಡುಕಿ ಜಜ್ಜಿ, ಚೀಲದಲ್ಲಿ ಕಟ್ಟಿ, ಆಮೇಲೆ ಉಮ್ಮನನ್ನು ಎತ್ತಿದ್ದ. ಸುಳ್ಯ ತಲುಪುವಷ್ಟರಲ್ಲಿ ಉಮ್ಮ ಇರಲಿಲ್ಲ. ಈಗ ಸ್ಟಿಯರಿಂಗಿಗೆ ಮುಷ್ಟಿಯಿಂದ ಗುದ್ದಿದ, ಗೆಣ್ಣು ಒಡೆದು ರಕ್ತ ಬಂದರೂ ಗುದ್ದಿದ. ಪ್ರೀತಿಕಾ ಹೆದರಿ ಬಾಗಿಲ ಕಡೆಗೆ ಸರಿದಳು.

ಮುಂದೆ ಪ್ರಶ್ನೆ ಕೇಳಲು ಹೋಗಬೇಕಿದ್ದದ್ದು ಪ್ರೇಮನಾಥನ ಮನೆಗೆ. ಅಂಗಳಕ್ಕೆ ಕಾಲಿಟ್ಟರೆ ಅಲ್ಲಿಯೂ ಅದೇ ಕಥೆ. ಗಂಡಸರು ಅಂಗಳದ ಸುತ್ತಲಿನ ಪಾಗಾರದ ಕಲ್ಲುಗೋಡೆಯನ್ನು ಹಾರೆಯಿಂದ ಕೆಡವುತ್ತಿದ್ದರು. ಪ್ರೇಮನಾಥನ ಹೆಂಡತಿ ಪಂಕಜಾಕ್ಷಿ ಮೆಟ್ಟಿಲಿಗೆ ಒರಗಿದ್ದಳು. ಕಾಲು ಊದಿ ಕಪ್ಪಾಗಿತ್ತು, ಒಸಡಿನ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. ಕೊಳಕುಮಂಡಲ ಕಚ್ಚಿ ಪಾಗಾರದೊಳಗೆ ಹೊಕ್ಕಿದೆಯಂತೆ.

“ಮೊದಲು ಆಸ್ಪತ್ರೆಗೆ ಹೊರಡುವ,” ಎಂದ ರಿಯಾಝ್.

“ಹಾವು ಸಿಗ್ಲಿ ಮಾರಾಯ, ಬರಿಗೈಯಲ್ಲಿ ಹೋಗುದು ಹೇಗೆ?” ಎಂದ ಪ್ರೇಮನಾಥ.

ಪ್ರೀತಿಕಾ ಬಿಡಿಸಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಿಯಾಝ್ ಅಲ್ಲಿದ್ದ ದೊಣ್ಣೆ ಎತ್ತಿ ಪ್ರೇಮನಾಥನ ಕೈಗೆ ಬಾರಿಸಿದ. ಎಲುಬು ಮುರಿದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಅಡ್ಡ ಬಂದ ಪ್ರೇಮನಾಥನ ತಮ್ಮ ಕೌಶಲನ ಹೆಗಲಿಗೂ ಒಂದು ಬಿತ್ತು. ಪಂಕಜಾಕ್ಷಿಯನ್ನು ಹೊತ್ತು ಜೀಪಿಗೆ ಹಾಕಿದ. ಬ್ಯಾರಿ ನಮ್ಮ ಹೆಂಗಸನ್ನು ಕೊಂಡುಹೋದ ಎಂದು ಯಾರೋ ಬೊಬ್ಬೆ ಹೊಡೆದದ್ದೇ ತಡ, ಕಲ್ಲುಗಳು ಬೀಳತೊಡಗಿದವು. ಹಿಂದಿನ ಗಾಜು ಪುಡಿಯಾಯಿತು. ಒಂದು ಕಲ್ಲು ರಿಯಾಝ್‌ನ ಕಿವಿಯ ಹಿಂದೆ ತಾಗಿ ಅಂಗಿಯೆಲ್ಲ ರಕ್ತವಾಯಿತು. ಪ್ರೀತಿಕಾ ಜೀಪಿಗೆ ಹತ್ತಿ ಪಂಕಜಾಕ್ಷಿಯ ಮೇಲೆ ಬೋರಲಾಗಿ ಮಲಗಿ ಏಟು ತಿಂದಳು. ಹೊಡೆದದ್ದು ಸರಿಯೇ ಎಂದು ಕೇಳಬೇಡಿ. ಮುರಿದ ಕೈಗೆ ಪಟ್ಟಿ ಕಟ್ಟಬಹುದು, ಹೋದ ಜೀವಕ್ಕೆ ಎಂತ ಕಟ್ಟುವುದು?

ಸುಳ್ಯದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಏರಿತು. ಸಂಜೆಗೆ ರಕ್ತ ನಿಂತಿತು. ಅಪಾಯ ಕಳೆಯಿತು ಎಂದರು ಡಾಕ್ಟರರು.

ಆಗ ಬಂದ ಪ್ರೇಮನಾಥ. ಒಂದು ಕೈಯನ್ನು ಹೆಗಲಿನ ಬೈರಾಸು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ಹೊಡೆಯಲು ಬಂದನೆಂದು ರಿಯಾಝ್ ಎದ್ದು ನಿಂತ. ಆದರೆ ಪ್ರೇಮನಾಥ ಕೇಳಿದ್ದು, ಡಾಕ್ಟರರು ಎಲ್ಲಿ, ಹಾವು ತೋರಿಸಬೇಕು ಎಂದು. ಮುರಿದ ಕೈ ಹೊತ್ತುಕೊಂಡೇ ಪಾಗಾರ ಪೂರ್ತಿ ಕೆಡವಿ ಹುಡುಕಿದ್ದನಂತೆ.

ಚೀಲ ನೋಡಿ ರಿಯಾಝ್‌ಗೆ ಅಳು ತಡೆಯಲಾಗಲಿಲ್ಲ.

“ಅದು ಬೇಡ ಪ್ರೇಮಣ್ಣ. ಅಕ್ಕ ಬದುಕಿದ್ದಾರೆ,” ಎಂದ. “ನಾನು ನನ್ನ ಉಮ್ಮನಿಗೂ ಹೀಗೇ ಕಟ್ಟಿ ತಂದದ್ದು.”

ಪ್ರೇಮನಾಥ ಚೀಲ ಕೆಳಗಿಟ್ಟು ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತ.