ಕಸ್ತೂರಿಯ ಮುಖ ತುಂಬಿದ ದಿನ

ಆಗ ನನಗೆ ಐವತ್ತೆಂಟು. ಹದಿನೈದು ವರ್ಷದ ಮೇಲಾಯಿತು. ದೆವ್ವ, ಸೂಚನೆ, ಸತ್ತವರು ಬಂದು ಹೇಳಿದರು ಅನ್ನುವವರನ್ನು ಕಂಡರೆ ನಗುತ್ತಿದ್ದೆ. ಕೆಲಸ ಇಲ್ಲದವರ ಮಾತು ಅಂತಿದ್ದೆ. ಈಗಲೂ ನಂಬಿದ್ದೇನೆ ಅಂತ ಹೇಳಲಾರೆ. ಆದರೆ ಆದದ್ದು ಆಯಿತು. ನನಗೆ ಬರೆಯಲು ಬರುವುದು ಅಷ್ಟಕ್ಕಷ್ಟೇ. ತಪ್ಪಿದ್ದರೆ ತಿದ್ದಿಕೊಂಡು ಓದ್ರಿ.

ನಾನು, ನನ್ನ ತಂಗಿ ಕಸ್ತೂರಿ ಗೋವಾದ ಮಡಗಾಂವದ ಮೋತಿ ಡೊಂಗರ್‌ನಲ್ಲಿ ಒಂದೇ ಗೋಡೆಯ ಆಚೆ ಈಚೆ ಇದ್ದೆವು. ಫೋಂಡಾ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆವು. ತುಂಬಿದ ಕಾಂಕ್ರೀಟ್ ಬುಟ್ಟಿಯನ್ನು ಒಬ್ಬಳೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ. ಇಪ್ಪತ್ತು ವರ್ಷ ಅವಳ ಬುಟ್ಟಿಗೆ ನಾನು ಕೈ ಹಚ್ಚಿದೆ, ನನ್ನ ಬುಟ್ಟಿಗೆ ಅವಳು. ಬೇರೆ ಯಾರಿಗೂ ಹಚ್ಚಗೊಡಲಿಲ್ಲ.

ಹಂದಿ ಜ್ವರ ಎದ್ದ ವರ್ಷ ಅವಳಿಗೂ ಬಂತು. ಎದೆಗೆ ಇಳಿಯಿತು. ದವಾಖಾನೆಗೆ ಹಾಕಿದ ದಿನ ಅವಳ ಕೈ ಹಿಡಿದು, “ಏನ ಆದ್ರೂ ನನಗ ಮುಚ್ಚಿಡಬ್ಯಾಡ. ಹೋಗೋದಿದ್ರ ನಾ ಬಾಜೂಕ ಇರತೇನಿ” ಅಂದೆ. “ಹೂಂ ಅಕ್ಕಾ” ಅಂದಳು.

ಎಂಟು ದಿನಕ್ಕೆ ಮುಖ ಬರೀ ಎಲುಬಾಗಿತ್ತು. ಒಂಬತ್ತನೇ ದಿನ ಮುಂಜಾನೆ ಹೋದರೆ ಗಲ್ಲ ತುಂಬಿವೆ, ಕುತ್ತಿಗೆ ತುಂಬಿದೆ. ನಮ್ಮಂಥವರು ಮೈ ತುಂಬಿತು ಅಂದರೆ ಗುಣ ಆಯಿತು ಅಂತಲೇ ತಿಳಿಯುತ್ತೇವೆ. “ನೋಡ, ಸಾವ್ಕಾರ್ತಿ ಆಗೀಯಲ್ಲ!” ಅಂತ ಗಲ್ಲ ಒತ್ತಿದೆ. ಚರ್ಮದ ಕೆಳಗೆ ಚರಚರ ಅಂತು, ಅರಿವೆಯಲ್ಲಿ ಕಟ್ಟಿದ ಚುರಮುರಿ ಒತ್ತಿದ ಹಾಗೆ. ಅವಳು ನನ್ನ ಕೈ ಸರಿಸಿದಳು. ಏದುಸಿರಿನಲ್ಲೇ, “ಅಕ್ಕಾ, ನಿನ್ನ ಕೈಯಾನ ಬಿಸಿ ರೊಟ್ಟಿ ತಿನಬೇಕು ಅನಸೇತಿ. ಮನಿಗೆ ಹೋಗಿ ಮಾಡ್ಕೊಂಡ ಬಾ” ಅಂದಳು. ಅವಳ ಗಂಡ ಮಲ್ಲಪ್ಪ ಬಾಗಿಲಲ್ಲಿ ನಿಂತು, “ಹೋಗ್ರಿ ಅಕ್ಕಾರ, ಚಲೋ ಆಗ್ಯಾಳ, ಹಸಿವ್ಯಾಗೇತಿ” ಅಂದ. ನನ್ನ ಮುಖ ನೋಡಲಿಲ್ಲ. ನಾನು ಖುಷಿಯಿಂದ ಓಡಿದೆ.

ಮಧ್ಯಾಹ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನಾಲ್ಕನೇ ರೊಟ್ಟಿಗೆ ಕುತ್ತಿಗೆ ಬಿಗಿದಂತಾಯಿತು. ಹಿಟ್ಟಿನ ಕೈಯಲ್ಲೇ ಮುಟ್ಟಿಕೊಂಡೆ. ಚರಚರ. ಅದೇ ಸಪ್ಪಳ, ನನ್ನ ಕುತ್ತಿಗೆಯಲ್ಲಿ. ನೋವಿಲ್ಲ, ಉಸಿರೂ ಸರಿ ಇದೆ. ಎದುರು ಮನೆಯ ಹಸೀನಾಳನ್ನು ಕೂಗಿ, “ಒತ್ತಿ ನೋಡ” ಅಂದೆ. ಒತ್ತಿದವಳು ಕೈ ಕಿತ್ತುಕೊಂಡಳು. “ಯಾ ಅಲ್ಲಾ! ಒಳಗ ಏನ ಇಟ್ಕೊಂಡೀಬೇ ಅಕ್ಕಾ?” ಹಂಚಿನ ಮೇಲಿನ ರೊಟ್ಟಿ ಕರಕಾಗುವಷ್ಟು ಹೊತ್ತು ಆ ಚರಚರ ಇತ್ತು. ಆಮೇಲೆ ಇಲ್ಲ. ಇಬ್ಬರೂ ಒತ್ತಿ ಒತ್ತಿ ನೋಡಿದೆವು.

ರೊಟ್ಟಿ ಕಟ್ಟಿಕೊಂಡು ದವಾಖಾನೆ ಮುಟ್ಟುವಷ್ಟರಲ್ಲಿ ಕಸ್ತೂರಿ ಸತ್ತಿದ್ದಳು. ಮಲ್ಲಪ್ಪ ಆಗ ಬಾಯಿ ಬಿಟ್ಟ. ಪುಪ್ಪುಸ ಹರಿದು ಗಾಳಿ ಸೋರಿ ಚರ್ಮದ ಕೆಳಗೆ ತುಂಬಿತ್ತಂತೆ. ಎದೆಗೆ ನಳಿಗೆ ಹಾಕಬೇಕು, ಆದರೂ ಉಳಿಯುವುದು ಕಷ್ಟ ಅಂತ ಡಾಕ್ಟರರು ಮುಂಜಾನೆ ನಾನು ಹೋಗುವ ಮೊದಲೇ ಗಂಡ ಹೆಂಡತಿ ಇಬ್ಬರಿಗೂ ಹೇಳಿದ್ದರಂತೆ. “ಆಕೀನ ಅಂದ್ಲರಿ, ನಾ ಹೋಗೋದ ಅಕ್ಕ ನೋಡಬಾರದು, ಏನಾರ ನೆವ ಮಾಡಿ ಕಳಸೂಣು ಅಂತ.” ಅವಳಿಗೆ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಾ ಕೂತಿದ್ದೆ. ಇಬ್ಬರೂ ಸೇರಿ ನನಗೆ ಮೋಸ ಮಾಡಿದರು.

ಕುತ್ತಿಗೆಯದನ್ನು ಡಾಕ್ಟರರಿಗೆ ಹೇಳಿದೆ. ಮುಟ್ಟಿ ನೋಡಿ, ಏನೂ ಇಲ್ಲ, ಹಾಗೆ ಬಂದು ಹಾಗೆ ಹೋಗುವಂಥದ್ದಲ್ಲ ಅದು, ಭ್ರಮೆ ಅಂದರು. ಹಸೀನಾಳ ಬೆರಳಿಗೂ ಭ್ರಮೆಯೇ? ನನಗೆ ತಿಳಿದಿಲ್ಲ. ತಂಗಿ ನಿನಗೆ ಹೇಳಿಯೇ ಹೋದಳು ಅಂತ ಓಣಿಯವರು ಸಮಾಧಾನ ಮಾಡಿದರು. ಆ ಸಮಾಧಾನ ನನಗೆ ಬೇಡ. ಹೇಳುವುದಿದ್ದರೆ ಬಾಯಿಂದ ಹೇಳಬಹುದಿತ್ತು. ಮುಂದೇ ನಿಂತಿದ್ದೆನಲ್ಲ.

ಜ್ವರದ ಹೆಣ ಅಂತ ಅವತ್ತು ಸಂಜೆಯೇ ಮಣ್ಣು ಮಾಡಿದರು. ಮರುದಿನ ಮುಂಜಾನೆ ಅದೇ ರೊಟ್ಟಿ ಕಟ್ಟಿಕೊಂಡು ಫೋಂಡಾಕ್ಕೆ ಕೆಲಸಕ್ಕೆ ಹೋದೆ. ಬುಟ್ಟಿಗೆ ಕೈ ಹಚ್ಚಲು ಒಬ್ಬಳು ಬಂದಳು. “ಆ ಕಡೆ ಸರಿ” ಅಂದೆ. ಅರ್ಧ ಬುಟ್ಟಿ ಹಾಕಿಸಿಕೊಂಡು ಒಬ್ಬಳೇ ತಲೆಗೇರಿಸಿಕೊಂಡೆ.