ಪೂಜೆಗೆ ಹಸನಾದ ಜೌಗು

ಭೂಮಿಪೂಜೆಯ ದಿನ ಬೆಳಕು ಹರಿಯುವ ಮೊದಲು ಜಾಹ್ನವಿ ಡಿಶ್‌ವಾಶರ್ ಖಾಲಿ ಮಾಡಿದಳು. ಎಂಬತ್ತು ಜನರ ಪುಳಿಯೋಗರೆಗೆ ಕುಕ್ಕರ್ ಕುಕ್ಕರ್ ಅನ್ನ ಮಾಡಿ ಹರವಿ ಆರಿಸಿದಳು. ನೆನೆದ ಹೆಸರುಬೇಳೆ ಬಸಿದು, ಕೋಸಂಬರಿಗೆ ಸೌತೆಕಾಯಿ ಹೆಚ್ಚಿದಳು. ಅತ್ತೆಯ ಫೋಟೋದ ಮುಂದೆ ದೀಪ ಹಚ್ಚಿದಳು. ಮಗಳು ಕವನಾಳ ಲಂಗದ ಕಿತ್ತುಹೋದ ಹುಕ್ಕು ಹೊಲಿದಳು, ಗಂಡ ಶರತ್‌ನ ಪಂಚೆಗೆ ಇಸ್ತ್ರಿ ಹಾಕಿದಳು. ಅವನು ಎದ್ದು ಬಂದು "ಏನಾದ್ರೂ ಹೆಲ್ಪ್ ಬೇಕಾ?" ಎಂದಾಗ ಉಳಿದಿದ್ದುದು ಪಾತ್ರೆಗಳನ್ನು ಕಾರಿಗೆ ಸಾಗಿಸುವುದೊಂದೇ. ಅದನ್ನು ಅವನು ಮಾಡಿದ. ಪೂಜೆಯ ಜಾಗದಲ್ಲಿ ಪಾತ್ರೆ ಇಳಿಸುತ್ತಿದ್ದವನನ್ನು ನೋಡಿ ಎಲ್ಲರೂ ಮೆಚ್ಚಿಕೊಂಡರು.

ಜಾಗ ಲಿನ್‌ವುಡ್ ಎಂಬ ಊರಿನ ಅಂಚಿನಲ್ಲಿತ್ತು. ಅಲ್ಲಿ ಭವನ ಕಟ್ಟಲು ಪರದೇಶದ ಈ ಕನ್ನಡ ಸಂಘ ಅದನ್ನು ಕೊಂಡಿತ್ತು. ಕಾರಿನಿಂದ ಇಳಿದ ಜಾಹ್ನವಿಗೆ ಒಂದು ಕ್ಷಣ ಬೇರೆ ಎಲ್ಲೋ ಬಂದಂತೆ ಅನ್ನಿಸಿತು. ಅವಳು ಹಿಂದೆ ಕಂಡಿದ್ದ, ಗುಲಾಬಿ ಬಣ್ಣದ ಹೂ ಬಿಡುವ ಎದೆಯೆತ್ತರದ ಪೊದೆಗಳು ಇರಲಿಲ್ಲ. ನೀರಂಚಿನ ವಿಲೋ ಗಿಡಗಳನ್ನು ಬುಡಕ್ಕೆ ಕಡಿದಿದ್ದರು. ಪಾಚಿ ಹಿಡಿದು ಬಿದ್ದಿದ್ದ ದಿಮ್ಮಿಗಳನ್ನು ಎತ್ತಿ ಸಾಗಿಸಿದ್ದರು. ಚಳಿಗಾಲದ ಮಳೆಯಿಂದ ವಸಂತದವರೆಗೂ ನೀರು ನಿಲ್ಲುತ್ತಿದ್ದ ತಗ್ಗಿಗೆ ಲಾರಿಗಟ್ಟಲೆ ಮರದ ಚಕ್ಕೆ ತುಂಬಿಸಿ, ಮೇಲೆ ಜಮಖಾನ ಹಾಸಿದ್ದರು. ಅದರ ಮುಂದೆ ರಂಗೋಲಿ.

ಸಂಘದ ಅಧ್ಯಕ್ಷ ವಾಸುದೇವ ಶಲ್ಯ ಸರಿಪಡಿಸಿಕೊಳ್ಳುತ್ತ ಬಂದರು. "ನೋಡಮ್ಮ, ನಿನ್ನ ಈ ಜೌಗಿನ ಆಫೀಸನ್ನ ಹೇಗೆ ಕ್ಲೀನ್ ಮಾಡಿಟ್ಟಿದೀವಿ. ಎರಡು ವೀಕೆಂಡ್ ಎಲ್ಲಾ ಗಂಡಸರೂ ಮೈಬಗ್ಗಿಸಿದ್ರು."

"ಅಂಕಲ್, ಕಟ್ಟೋಕೆ ಇನ್ನೂ ಅರ್ಜೀನೇ ಹಾಕಿಲ್ಲ. ಏನನ್ನೂ ಮುಟ್ಟೋ ಹಾಗಿರಲಿಲ್ಲ."

"ಕಳೆ ಕಿತ್ತಿದ್ದು ಅಷ್ಟೇ ಅಲ್ವಾ? ಪೂಜೆಗೆ ನೆಲ ಹಸನಾಗಿರಬೇಡವೇ? ವಯಸ್ಸಾದೋರು ಬರ್ತಾರೆ, ಕಾಲು ಒದ್ದೆಯಾಗ್ಬಾರ್ದು." ಆಮೇಲೆ ಸುತ್ತಲಿದ್ದವರಿಗೆ ಕೇಳುವಂತೆ, "ನಮ್ಮ ಜಾಹ್ನವಿಗೆ ಕಳೆ ಕಿತ್ರೂ ಸೂತಕ" ಎಂದು ನಕ್ಕರು. ಎಲ್ಲರೂ ನಕ್ಕರು.

ಮನೆಯಾಗಲಿ ಅಂಗಡಿಯಾಗಲಿ, ಕಟ್ಟುವವರು ಅರ್ಜಿ ಹಾಕುವ ಮುನ್ನ ಆ ನೆಲದಲ್ಲಿ ಏನೇನು ಬದುಕಿದೆ ಎಂದು ನೋಡಿ ಬರೆದುಕೊಡುವುದು ಜಾಹ್ನವಿಯ ಕೆಲಸ. ಕಟ್ಟಿದರೆ ಎಷ್ಟು ಹೋಗುತ್ತದೆ, ಹೋದದ್ದಕ್ಕಿಂತ ಹೆಚ್ಚನ್ನು ಎಲ್ಲಿ ಬೆಳೆಸಿಕೊಡಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಅವಳು ಹೇಳಬೇಕು. ಭವನದ ವಿಷಯ ಬಂದಾಗ ವಾಸುದೇವ "ಮನೆ ಹುಡುಗಿ ಇರುವಾಗ ಹೊರಗಿನವರು ಯಾಕೆ" ಎಂದಿದ್ದರು. ನಕ್ಷೆ ಬರೆದವನಿಗೆ ಫೀಸು ಇತ್ತು. ಅವಳದ್ದು ಸೇವೆ, ಪುಳಿಯೋಗರೆಯ ಹಾಗೆ. ಗಂಡ ಸಂಘದ ಸಮಿತಿಯಲ್ಲಿದ್ದಾನೆ ಎಂಬುದನ್ನು ಅವಳು ವರದಿಯ ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದಳು.

ಆ ನೆಲವನ್ನು ಅವಳು ಮೊದಲು ನೋಡಿದ್ದು ಹೋದ ವರ್ಷದ ಮಾರ್ಚ್‌ನಲ್ಲಿ. ಅತ್ತೆ ಪ್ರೇಮಮ್ಮ "ಮನೇಲಿ ಒಬ್ಬಳೇ ಕೂತು ಏನು ಮಾಡ್ಲಿ, ನಾನೂ ಬರ್ತೀನಿ" ಎಂದು ಶಾಲು ಹೊದ್ದು ಹೊರಟಿದ್ದರು. ಜಾಹ್ನವಿ ಮೊಣಕಾಲುದ್ದದ ಬೂಟು ಹಾಕಿಕೊಂಡು ನೀರಿಗಿಳಿದಳು. ಪ್ರೇಮಮ್ಮ ದಂಡೆಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತರು. ಹುಲ್ಲಿನ ಕಡ್ಡಿಗೆ ಅಂಟಿಕೊಂಡಿದ್ದ ಸಲಮಾಂಡರ್ ಮೊಟ್ಟೆಗಳ ಮುದ್ದೆಯನ್ನು ಜಾಹ್ನವಿ ನೀರಿನಲ್ಲೇ ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಸಾಬಕ್ಕಿ ಪಾಯಸ ಆರಿ ಗಟ್ಟಿಯಾದ ಹಾಗಿದೆ ಕಣೇ."

"ಹಲ್ಲಿ ಥರ ಇರುತ್ತೆ ಅತ್ತೆ, ಮರಿ ಬೆಳೆದ್ಮೇಲೆ. ಬೇಸಿಗೇಲಿ ಆ ದಿಮ್ಮಿಗಳ ಕೆಳಗೆ ಮಲಗಿರುತ್ತೆ."

"ಪುಣ್ಯ ಮಾಡಿದೆ, ಮಲಗುತ್ತಲ್ಲ."

ಕಪ್ಪೆಗಳು ಒಂದೇ ಸಮನೆ ಕೂಗುತ್ತಿದ್ದವು. ಪ್ರೇಮಮ್ಮ ಕುರ್ಚಿಗೆ ಒರಗಿ ಕಾಲು ಚಾಚಿದರು. ಸಂಘದ ಯುಗಾದಿಗೆ, ರಾಜ್ಯೋತ್ಸವಕ್ಕೆ, ಯಾರದೋ ಮಗುವಿನ ನಾಮಕರಣಕ್ಕೆ, ವರ್ಷವರ್ಷವೂ ಸೌಟು ಹಿಡಿದು ಹಿಡಿದು ಅವರ ಬಲಗೈ ಬೆರಳುಗಳು ಸೊಟ್ಟಗಾಗಿದ್ದವು. ಅವನ್ನು ನೀವಿಕೊಳ್ಳುತ್ತ, "ಇಲ್ಲಿ ನನಗೆ ಮಾಡೋಕೆ ಕೆಲಸಾನೇ ಇಲ್ಲ ನೋಡು. ಯಾರೂ ಏನೂ ಕೇಳ್ತಿಲ್ಲ" ಎಂದರು. ದೂರುವ ದನಿಯಲ್ಲ ಅದು. ಹಬ್ಬದ ದಿನ ಕೂಡ ಅವರ ಮುಖ ಅಷ್ಟು ಸಡಿಲವಾಗಿದ್ದುದನ್ನು ಜಾಹ್ನವಿ ನೋಡಿರಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಪ್ರೇಮಮ್ಮ ತೀರಿಕೊಂಡರು, ಒಲೆಯ ಮುಂದೆಯೇ. ಭವನದ ಅಡುಗೆಮನೆಗೆ ಅವರ ಹೆಸರಿಡುವುದೆಂದು ಸಂಘ ತೀರ್ಮಾನಿಸಿತು. ಸಭಾಂಗಣಕ್ಕೆ ಇಡಬಹುದೆಂದು ಯಾರಿಗೂ ತೋಚಲಿಲ್ಲ. ತಾಯಿ ಇರುವಾಗ ತಟ್ಟೆ ಎತ್ತಿಡದಿದ್ದ ಶರತ್ ಈಗ ತಾಯಿಯ ಹೆಸರಿನ ಅಡುಗೆಮನೆಯ ನಕ್ಷೆಯನ್ನು ತಾನೇ ತಿದ್ದುತ್ತಿದ್ದ. ಕಿಟಕಿ ಎಲ್ಲಿರಬೇಕು, ಕೂತು ಹೆಚ್ಚಲು ಕಟ್ಟೆ ಎಷ್ಟು ಎತ್ತರವಿರಬೇಕು ಎಂದೆಲ್ಲ ಜಾಹ್ನವಿಯನ್ನು ಕೇಳುತ್ತಿದ್ದ. ತಾಯಿಯ ವರ್ಷಾಂತಿಕ ಮುಗಿಯಲಿ ಎಂದು ಅವನಿಗಾಗಿಯೇ ಪೂಜೆಯನ್ನು ಮುಂದಕ್ಕೆ ಹಾಕಿದ್ದರು.

ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಜಾಹ್ನವಿ ಪುಳಿಯೋಗರೆಯ ಪಾತ್ರೆ ಉಜ್ಜುತ್ತಲೇ ಅವನಿಗೆ ವಿಷಯ ಹೇಳಿದಳು. ಕಡಿಯುವ ಮುಂಚೆ ಏನಿತ್ತೋ ಅದನ್ನೇ ಬರೆಯಬೇಕು. ಹಾಗೆ ಬರೆದರೆ ತಗ್ಗಿನ ಸುತ್ತ ಏನೂ ಕಟ್ಟದೆ ದೊಡ್ಡ ಅಂಚು ಬಿಡಬೇಕಾಗುತ್ತದೆ. ಹಿಂಬದಿಯ ಅಡುಗೆಮನೆ ಆ ಅಂಚಿನೊಳಗೆ ಬೀಳುತ್ತದೆ. ಉಳಿದ ಜಾಗದಲ್ಲಿ ಸಭಾಂಗಣ ಮಾತ್ರ ಹಿಡಿಸುತ್ತದೆ. ಊಟ ಹೊರಗಿನಿಂದ ತರಿಸಬೇಕು.

"ಇವತ್ತು ಏನಿದೆಯೋ ಅದನ್ನ ಬರಿ. ಸುಳ್ಳು ಹೇಳು ಅಂತಿಲ್ವಲ್ಲ."

"ನಾನು ನೋಡಿದೀನಿ ಶರತ್."

"ಬೇರೆ ಕಡೆ ಎರಡರಷ್ಟು ಗಿಡ ನೆಡೋಣ. ನಿಮ್ಮ ಲೆಕ್ಕದಲ್ಲೇ ಲಾಭ ಆಗುತ್ತಲ್ಲ?"

ಆ ಲೆಕ್ಕ ಅವಳಿಗೆ ಗೊತ್ತಿತ್ತು. ಹೀಗೆ ಬದಲಿಗೆಂದು ಹೆದ್ದಾರಿಯ ಪಕ್ಕ ಸಾಲಾಗಿ ನೆಟ್ಟ ಸಸಿಗಳನ್ನು ಕೆಲವು ವರ್ಷಗಳ ಮೇಲೆ ನೋಡಲು ಹೋಗುವವಳೂ ಅವಳೇ. ಪ್ಲಾಸ್ಟಿಕ್ ಕೊಳವೆಯೊಳಗೆ ಒಣಗಿ ನಿಂತಿರುತ್ತವೆ. ಕವನಾ ಹುಟ್ಟಿದ್ದಕ್ಕೆ ಜಾಹ್ನವಿ ಯೂನಿವರ್ಸಿಟಿಯ ಸಂಶೋಧನೆ ಬಿಟ್ಟಾಗಲೂ, ಮಗು ಬಂತಲ್ಲ, ಹೋದದ್ದೇನು ಎಂದು ಎಲ್ಲರೂ ಸಮಾಧಾನ ಹೇಳಿದ್ದರು.

"ಅಮ್ಮಂಗೆ ಅಡುಗೆ ಅಂದ್ರೆ ಪ್ರಾಣ" ಎಂದ ಶರತ್. ಅವನ ದನಿ ಒಡೆಯಿತು. "ಅವಳಿಗೆ ಅಂತ ನಾನು ಏನೂ ಮಾಡಿಲ್ಲ ಜಾಹ್ನವಿ. ಇದೊಂದಾದ್ರೂ ಆಗ್ಲಿ."

ದಂಡೆಯಲ್ಲಿ ಅತ್ತೆ ಆಡಿದ ಮಾತು ಅವಳ ಬಾಯಿತನಕ ಬಂತು. ಅಳುತ್ತಿರುವವನ ಮುಂದೆ ಅದನ್ನು ಹೇಗೆ ಇಡುವುದು? ಒದ್ದೆ ಕೈಯಲ್ಲೇ ಅವನ ಬೆನ್ನು ಸವರಿದಳು.

ಸೋಮವಾರ ಮಧ್ಯಾಹ್ನ ಶರತ್ ಓವರ್‌ಲೇಕ್‌ನ ಆಫೀಸಿಗೆ ಹೋಗಿದ್ದಾಗ ಜಾಹ್ನವಿ ಒಬ್ಬಳೇ ಜಾಗಕ್ಕೆ ಬಂದಳು. ಗುದ್ದಲಿಯಿಂದ ಚಕ್ಕೆ ಸರಿಸಿ ಅಗೆದಳು. ಕೆಳಗಿನ ಮಣ್ಣು ಬೂದು ಬಣ್ಣಕ್ಕಿತ್ತು, ನಡುನಡುವೆ ತುಕ್ಕಿನಂಥ ಕೆಂಪು ಗೆರೆಗಳು. ನೀರು ನಿಲ್ಲುವ ನೆಲ ಹಾಗೇ ಇರುತ್ತದೆ. ಚಕ್ಕೆ ತೆಗೆದರೆ ಚಳಿಗಾಲದ ಮಳೆಗೆ ನೀರು ಬಂದೀತು. ದಿಮ್ಮಿಗಳ ಕೆಳಗೆ ಮಲಗಿದ್ದ ಸಲಮಾಂಡರ್‌ಗಳು ಮರಳುವ ಬಗ್ಗೆ ಅವಳಿಗೆ ಅಷ್ಟು ನಂಬಿಕೆ ಇರಲಿಲ್ಲ. ಕಡಿದ ವಿಲೋ ಬುಡಗಳ ನಡುವೆ ತುಸು ಹೊತ್ತು ಕುಕ್ಕರಗಾಲಲ್ಲಿ ಕೂತಳು.

ಕಾರಿನಲ್ಲಿ ಲ್ಯಾಪ್‌ಟಾಪ್ ತೆರೆದು, ಕಡಿಯುವ ಮುಂಚಿನ ಸ್ಥಿತಿ ಎಂಬ ಕಡೆ ಮಾರ್ಚ್‌ನಲ್ಲಿ ಕಂಡದ್ದನ್ನೆಲ್ಲ ಬರೆದಳು. ಪೂಜೆಗಾಗಿ ಯಾರು ಏನು ಕಡಿದರು ಎಂಬುದನ್ನೂ ಬಿಡಲಿಲ್ಲ. ನಕ್ಷೆಯ ಮೇಲೆ ತಗ್ಗಿನ ಸುತ್ತ ಅಂಚಿನ ಗೆರೆ ಎಳೆದಳು. ಗೆರೆ ಅಡುಗೆಮನೆಯನ್ನು ಪೂರ್ತಿಯಾಗಿ ನುಂಗಿತು, ಶರತ್ ಇರಿಸಿದ್ದ ಕಿಟಕಿಯನ್ನೂ. ಕೊನೆಗೆ ತನ್ನ ಹೆಸರು ಹಾಕಿದಳು.

ಇದು ಸಮಿತಿಗೆ ಹೋಗುವ ಮೊದಲು ಅವನಿಗೊಂದು ಕಾಲ್ ಮಾಡಬೇಕು ಅನ್ನಿಸಿತು. ಫೋನ್ ಕೈಗೆತ್ತಿಕೊಂಡಳು. ಹೇಳಿದರೆ ಅವನು ಮತ್ತೆ ಅಳುತ್ತಾನೆ. ಅವನು ಅತ್ತರೆ ತಾನು ಗೆರೆ ಅಳಿಸುತ್ತೇನೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಫೋನನ್ನು ಪಕ್ಕದ ಸೀಟಿನ ಮೇಲೆ ಬೋರಲಾಗಿ ಇಟ್ಟು, ವರದಿ ಕಳಿಸಿದಳು.